ರಂಗಪ್ಪನವರ ಹಾಜರಿ

ಹೋದ ತಿಂಗಳು ತರೀಕೆರೆಯಲ್ಲಿ ಒಂದು ತರಬೇತಿಗೆ ನನ್ನನ್ನು ಕರೆದಿದ್ದರು. ವಯಸ್ಕರಿಗೆ ಓದು ಬರಹ ಕಲಿಸಲು ಹೊಸದಾಗಿ ಸೇರಿದವರಿಗೆ ತರಬೇತಿ. ನಾನು ನಿವೃತ್ತಳು, ಅನುಭವಸ್ಥೆ, ನಾಲ್ಕು ಒಳ್ಳೆಯ ಮಾತು ಹೇಳಲಿ ಎಂದು ಶಾಲು ಹೊದಿಸಿ, ಹಾರ ಹಾಕಿ, 'ಐದು ನಿಮಿಷದಲ್ಲಿ ಮುಗಿಸಿಬಿಡಿ ಮೇಡಂ' ಎಂದು ಕಿವಿಯಲ್ಲಿ ಹೇಳಿದರು. ನನಗಿಂತ ಮುಂಚೆ ಹೊರಗಿನಿಂದ ಬಂದ ಸಂಪನ್ಮೂಲ ವ್ಯಕ್ತಿಯೊಬ್ಬರು ಒಂದು ಗಂಟೆ ಮಾತಾಡಿದರು. ಮನೆಯಲ್ಲಿ ಸಾವಾದ ಕಲಿಕಾರ್ಥಿಯ ಜೊತೆ ಹೇಗೆ ಮಾತಾಡಬೇಕು ಎನ್ನುವುದು ವಿಷಯ. ಪರದೆಯ ಮೇಲೆ ಏಳು ಹಂತ ತೋರಿಸಿದರು. ಮೊದಲ ಹಂತ, ಮುಗುಳ್ನಗೆಯಿಂದ ಸ್ವಾಗತಿಸಿ. ನಾಲ್ಕನೇ ಹಂತ, 'ನಿಮ್ಮ ನೋವು ನನಗೆ ಅರ್ಥವಾಗುತ್ತದೆ' ಎನ್ನಿ. ಏಳನೇ ಹಂತ, ಪಾಠಕ್ಕೆ ಮರಳಿ. ಮುಂದೆ ಕೂತ ಹೆಣ್ಣುಮಕ್ಕಳು ತಲೆ ಬಗ್ಗಿಸಿ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ನನಗೆ ಸಿಕ್ಕ ಐದು ನಿಮಿಷದಲ್ಲಿ ಆ ಸಿಟ್ಟು ತೀರುವಂಥದ್ದಲ್ಲ. ಅದಕ್ಕೇ ಮನೆಗೆ ಬಂದು ಬರೆಯಲು ಕೂತಿದ್ದೇನೆ. ಅಲ್ಲಿ ಬರೆದುಕೊಳ್ಳುತ್ತಿದ್ದ ಹೆಣ್ಣುಮಕ್ಕಳೇ, ಇದು ನಿಮಗೆ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನಾನು ಸುಮಾರು ಮೂವತ್ತು ವರ್ಷ ಈ ಕೆಲಸ ಮಾಡಿದೆ. ಅಜ್ಜಂಪುರ ಆಗ ಇನ್ನೂ ತಾಲ್ಲೂಕಾಗಿರಲಿಲ್ಲ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದು ನಿಮಗೆ ಬೇಡ, ನನಗೂ ಸರಿಯಾಗಿ ನೆನಪಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು, ಶಾಲೆಯ ಜಗುಲಿಯ ಮೇಲೋ ದೇವಸ್ಥಾನದ ಪೌಳಿಯಲ್ಲೋ ಚಾಪೆ ಹಾಸುವುದು, ಹೊಲದ ಕೆಲಸ ಮುಗಿಸಿ ಕೈಕಾಲು ತೊಳೆದು ಬಂದವರಿಗೆ ಸ್ಲೇಟು ಹಂಚುವುದು. ನಾಲ್ಕು ಗಂಟೆಗೆ ಕ್ಲಾಸು ಎಂದರೆ ಐದಕ್ಕೆ ಶುರು. ಈಗಿನ ಹಾಗೆ ಫೋಟೊ ತೆಗೆದು ಗ್ರೂಪಿಗೆ ಹಾಕುವ ಕಾಟ ಇರಲಿಲ್ಲ. ಅದರ ಬದಲು ಹಾಜರಿ ಪುಸ್ತಕದ ಕಾಟ ಇತ್ತು.

ನಮಗೆ ಕೊಟ್ಟ ಪಾಠದ ಪುಸ್ತಕದಲ್ಲಿ ಹಸು, ಬೇವು, ಶೌಚಾಲಯ, ಚಿಕ್ಕ ಸಂಸಾರ, ಎಲ್ಲ ಇದ್ದವು. ಸಾವು ಇರಲಿಲ್ಲ. ಓದಲು ಬರುತ್ತಿದ್ದವರು ಐವತ್ತು, ಅರವತ್ತು ವರ್ಷದವರು. ಅಪ್ಪ, ಅಮ್ಮ, ಅಣ್ಣ, ತಮ್ಮ, ಹೆತ್ತ ಮಕ್ಕಳನ್ನೂ ಮಣ್ಣು ಮಾಡಿ ಬಂದವರು. ಅವರಿಗೆ ಹಸುವಿನ ಮೇಲೆ ಐದು ವಾಕ್ಯ ಹೇಳಿ ಎಂದು ನಾವು ದುಂಬಾಲು ಬೀಳುತ್ತಿದ್ದೆವು.

ನನ್ನ ಮೊದಲ ತಪ್ಪು ತರೀಕೆರೆಯಲ್ಲಿ ಆಯಿತು. ಅಡಿಕೆ ಮಂಡಿಯ ಹಮಾಲಿ ಸೋಮಣ್ಣ ಎಂಬವರು ಕ್ಲಾಸಿಗೆ ಬರುತ್ತಿದ್ದರು. ಅವರ ತಾಯಿ ತೀರಿಕೊಂಡು ಹದಿನೈದು ದಿನವಾದ ಮೇಲೆ ಬಂದು ಚಾಪೆಯ ತುದಿಯಲ್ಲಿ ಕೂತರು. 'ನಮ್ಮವ್ವ ಕೊನೇ ದಿನ...' ಎಂದು ಶುರು ಮಾಡಿದರು. ಅಷ್ಟರಲ್ಲೇ ನಾನು, 'ಧೈರ್ಯ ತಗೊಳ್ಳಿ ಸೋಮಣ್ಣ, ಎಲ್ರೂ ಒಂದಿನ ಹೋಗೋರೇ' ಎಂದು ಹೇಳಿ ಬೋರ್ಡಿನ ಕಡೆ ತಿರುಗಿದೆ. ಮಾರನೇ ದಿನದಿಂದ ಆಸಾಮಿ ಪತ್ತೆ ಇಲ್ಲ. ತಿಂಗಳು ಬಿಟ್ಟು ಮಂಡಿಗೇ ಹೋಗಿ ಹಿಡಿದೆ.

'ಯಾಕೆ ಸೋಮಣ್ಣ, ಕ್ಲಾಸ್ ಬಿಟ್ಬಿಟ್ರಲ್ಲ?'

ಅವರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. 'ಧೈರ್ಯ ಇಲ್ದೆ ದಿನಾ ಈ ಪಾಟಿ ಮೂಟೆ ಹೊರ್ತೀನೇನ್ರೀ ನಾನು? ನಿಮ್ಮತ್ರ ಧೈರ್ಯ ಕೇಳಕ್ಕೆ ಬಂದಿರ್ಲಿಲ್ಲ ಕಣ್ರೀ. ನಮ್ಮವ್ವ ಕೊನೇ ದಿನ ಏನಂದ್ಲು ಅಂತ ಹೇಳಕ್ಕೆ ಬಂದಿದ್ದೆ. ನೀವು ಬೆನ್ ತೋರ್ಸಿದ್ರಿ.'

ಏನೆಂದಿದ್ದರು ಎಂದು ಕೇಳಿದೆ. 'ಈಗ ಬ್ಯಾಡ ಹೋಗ್ರಿ' ಎಂದರು. ಆಕೆ ಏನೆಂದಿದ್ದಳು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಏಳು ಹಂತ ಬರೆದುಕೊಂಡವರು ಇದನ್ನೂ ಒಂದು ಮೂಲೆಯಲ್ಲಿ ಬರೆದುಕೊಳ್ಳಿ.

ಇದಾದ ಮೇಲೂ ನಾನು ಬುದ್ಧಿ ಕಲಿಯಲಿಲ್ಲ. ಅದರ ಕತೆಯೇ ರಂಗಪ್ಪನವರದು.

ಹಿರೇನಲ್ಲೂರಿನಿಂದ ಆಚೆ ಒಂದು ಸಣ್ಣ ಹಳ್ಳಿ. ಅಲ್ಲಿ ಹತ್ತು ಜನ ಕಲಿಯುವವರಿದ್ದರು. ಹತ್ತು ಜನ ಇದ್ದರೆ ಮಾತ್ರ ಕೇಂದ್ರ, ಒಂಬತ್ತಾದರೆ ಮುಚ್ಚಬೇಕು ಎನ್ನುವುದು ನಮ್ಮ ಮೇಲಿನವರ ಕಟ್ಟಳೆ. ಹತ್ತರಲ್ಲಿ ರಂಗಪ್ಪ, ಅವರ ಹೆಂಡತಿ ಲಕ್ಕಮ್ಮ ಇಬ್ಬರೂ ಇದ್ದರು. ಒಂದಿಷ್ಟು ಬೆದ್ದಲು ಜಮೀನು, ನಾಲ್ಕು ತೆಂಗಿನ ಮರ. ಗಂಡ ಹೆಂಡತಿ ಒಟ್ಟಿಗೆ ಕ್ಲಾಸಿಗೆ ಬರುವುದು ನಮ್ಮ ಕಡೆ ಅಪರೂಪ, ಊರವರು ಆಡಿಕೊಳ್ಳುತ್ತಿದ್ದರು. ರಂಗಪ್ಪ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಂಟಲು ದೊಡ್ಡದು. ಹೆಸರು ಕೂಗಿದರೆ 'ಇದೀನಿ ಕಣಮ್ಮ, ಎಲ್ಲೋಗನ!' ಎಂದು ಜಗುಲಿ ನಡುಗುವ ಹಾಗೆ ಹೇಳುತ್ತಿದ್ದರು. ಒತ್ತಕ್ಷರ ಬರೆಯುವಾಗ ಮಾತ್ರ ಬೆವರುತ್ತಿದ್ದರು. ಬಳಪ ಮುರಿದರೆ ಬಳಪಕ್ಕೇ ಬಯ್ಯುತ್ತಿದ್ದರು.

ಕಾರ್ತೀಕ ಮಾಸದ ಒಂದು ಸೋಮವಾರ, ಹೊಲದಿಂದ ಬಂದವರು ಎದೆ ಹಿಡಿದುಕೊಂಡು ಬಾಗಿಲಲ್ಲಿ ಕೂತರಂತೆ. ಗಾಡಿ ಹುಡುಕಿ ತರುವಷ್ಟರಲ್ಲಿ ಮುಗಿದಿತ್ತು. ನಾನು ಮಣ್ಣಿಗೆ ಹೋಗಿದ್ದೆ. ಲಕ್ಕಮ್ಮ ಹೇಳಿಕೊಂಡು ಅಳುತ್ತಿದ್ದರು. ನಮ್ಮ ಕಡೆಯ ಹೆಂಗಸರು ಸತ್ತವರ ಗುಣವನ್ನೆಲ್ಲ ಒಂದೊಂದೇ ಎತ್ತಿ ರಾಗವಾಗಿ ಹೇಳಿಕೊಂಡು ಅಳುತ್ತಾರಲ್ಲ, ಹಾಗೆ. ಮೂರನೇ ದಿನ ಹಾಲು ತುಪ್ಪ ಬಿಟ್ಟರು, ಹನ್ನೊಂದಕ್ಕೆ ತಿಥಿಯಾಯಿತು. ಅಲ್ಲಿಗೆ ಅಳುವುದಕ್ಕೆ ಇದ್ದ ಅವಕಾಶ ಮುಗಿಯಿತು. ಆಮೇಲೆ ಬಾಯಿ ತೆಗೆದರೆ 'ಸುಮ್ನಿರು, ಹೋದೋರು ಬತ್ತಾರಾ' ಎನ್ನುವವರೇ ಎಲ್ಲ.

ನಮ್ಮದು ತರೀಕೆರೆಯ ಬೌದ್ಧ ಮನೆತನ. ನನ್ನ ಅಪ್ಪ ತೀರಿಕೊಂಡಾಗ ಮೇಣದ ಬತ್ತಿ ಹಚ್ಚಿ, ವಂದನೆ ಹೇಳಿ, ನಾವು ನಾವೇ ಕೂತು ಅವರ ವಿಷಯ ಮಾತಾಡಿದ್ದೆವು. ಎಡೆ, ಹಾಲು ತುಪ್ಪ ನಮ್ಮಲ್ಲಿ ಇಲ್ಲ. ಅದು ಇರುವ ಮನೆಗಳಲ್ಲಿ ಹನ್ನೊಂದನೇ ದಿನಕ್ಕೆ ದುಃಖವೂ ಮುಗಿದುಹೋಗುತ್ತದೇನೋ ಎಂದು ನಾನು ತಿಳಿದಿದ್ದೆ. ಎಂಥಾ ದಡ್ಡತನ ನೋಡಿ! ಇಷ್ಟು ವರ್ಷ ಅವರ ನಡುವೆಯೇ ಬದುಕಿದವಳು.

ನನ್ನ ಮೇಲಧಿಕಾರಿ ರುದ್ರೇಶಪ್ಪ. ಮಣ್ಣಾದ ಮಾರನೇ ದಿನವೇ, ರಂಗಪ್ಪ ತೀರಿಕೊಂಡ ವಿಷಯ ಹೇಳಲು ಕಡೂರಿನ ಆಫೀಸಿಗೆ ಹೋಗಿದ್ದೆ. ಅವರು ಬೋಂಡ ತಿನ್ನುತ್ತಿದ್ದರು. 'ಛೆ ಛೆ, ಪಾಪ' ಎಂದರು. ಕೈ ಒರೆಸಿಕೊಂಡು, 'ಹಂಗಾದ್ರೆ ಒಂಬತ್ತಾಯ್ತಲ್ರೀ ಸರೋಜಮ್ಮ?' ಎಂದರು.

'ಹೌದು ಸಾರ್.'

'ಪರೀಕ್ಷೆ ಮುಗಿಯೋವರ್ಗೂ ಹೆಸರು ತೆಗೀಬೇಡಿ. ಹಾಜರಿ ಹಾಕ್ತಾ ಹೋಗಿ. ಯಾರು ಬಂದು ನೋಡ್ತಾರೆ?'

ನಾನು ಹಾಕಿದೆ. ಬೇರೆ ಯಾರ ಮೇಲೂ ಎತ್ತಿಹಾಕುವುದಿಲ್ಲ. ಹೆಸರು ಕೂಗುವಾಗ ರಂಗಪ್ಪನವರನ್ನು ಹಾರಿಸಿ, ಬಸ್ಸಿನಲ್ಲಿ ಕೂತಾಗ ಅವರ ಸಾಲಿನಲ್ಲಿ 'ಹಾ' ಎಂದು ಬರೆಯುತ್ತಿದ್ದೆ. ಎರಡು ಸೆಕೆಂಡಿನ ಕೆಲಸ.

ಎರಡು ತಿಂಗಳು ಕಳೆದ ಮೇಲೆ ನಾನೇ ಮನೆಗೆ ಹೋಗಿ ಒತ್ತಾಯ ಮಾಡಿ ಲಕ್ಕಮ್ಮನವರನ್ನು ಕ್ಲಾಸಿಗೆ ಕರೆದುಕೊಂಡು ಬಂದೆ. ಅವರು ಬರುವ ಮುಂಚೆ ಉಳಿದವರಿಗೆ ತಾಕೀತು ಮಾಡಿದ್ದೆ: ಯಾರೂ ರಂಗಪ್ಪನವರ ಮಾತು ಎತ್ತಕೂಡದು, ಪಾಪ ಆಯಮ್ಮನಿಗೆ ನೋವಾಗುತ್ತದೆ. ಎಲ್ಲರೂ ನನ್ನ ಮಾತು ಕೇಳಿದರು. ಅದೇ ಆದ ಅನಾಹುತ. ಮಳೆ, ರಾಗಿ, ಕರೆಂಟು, ಯಾರದೋ ಮನೆಯ ಮದುವೆ, ಎಲ್ಲದರ ಮಾತೂ ಬಂತು. ರಂಗಪ್ಪ ಕೂರುತ್ತಿದ್ದ ಕಂಬದ ಪಕ್ಕದ ಜಾಗದಲ್ಲಿ ಯಾರೂ ಕೂರುತ್ತಿರಲಿಲ್ಲ. ಆದರೆ ಆ ಮನುಷ್ಯ ಒಬ್ಬ ಹುಟ್ಟಿಯೇ ಇರಲಿಲ್ಲ ಎನ್ನುವ ಹಾಗೆ ಎಲ್ಲರೂ ನಡೆದುಕೊಂಡೆವು. ಲಕ್ಕಮ್ಮ ತಲೆ ತಗ್ಗಿಸಿ ಬರೆಯುತ್ತಿದ್ದರು. ಎಷ್ಟು ಚೆನ್ನಾಗಿ ಸುಧಾರಿಸಿಕೊಂಡಿದ್ದಾರೆ ಎಂದು ನಾನು ಬೀಗಿದೆ.

ನನ್ನ ಕ್ಲಾಸುಗಳಲ್ಲಿ ಒಂದು ರೂಢಿ ಇತ್ತು. ಶನಿವಾರ ಶನಿವಾರ ಕಲಿಯುವವರಲ್ಲೇ ಒಬ್ಬರು ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಬೇಕು. ಓದುವ ಅಭ್ಯಾಸ ಆಗಲಿ ಎಂದು ನಾನೇ ಮಾಡಿದ ಏರ್ಪಾಡು. ಲಕ್ಕಮ್ಮ ಮತ್ತೆ ಬರತೊಡಗಿ ಒಂದೂವರೆ ತಿಂಗಳಾದ ಮೇಲೆ ಒಂದು ಶನಿವಾರ ಅವರ ಸರದಿ ಬಂತು. ಉತ್ಸಾಹದಲ್ಲಿ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟೆ. ಒಳಗೆ ಏನಿದೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅವರು ಬೆರಳಿಟ್ಟು ಕೂಗುತ್ತಾ ಬಂದರು. ಹಾಲಮ್ಮ. ಪುಟ್ಟಪ್ಪ. ಶಾಂತಮ್ಮ. ನಾಲ್ಕನೆಯದಕ್ಕೆ ಬಂದು ಬೆರಳು ನಿಂತಿತು. ಆ ತಲೆಮಾರಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನು ಹೆದರಿಕೊಂಡು, 'ಅದನ್ನ ಬಿಟ್ಟು ಮುಂದಿಂದು ಓದಿ ಲಕ್ಕಮ್ಮ' ಎಂದೆ. ಅವರು ಓದಲಿಲ್ಲ. ಬೆರಳು ಹೆಸರಿನಿಂದ ಬಲಕ್ಕೆ ಸರಿಯಿತು. ಒಂದೊಂದೇ ಮನೆ ದಾಟುತ್ತಾ ಹೋಯಿತು. ಹಾಳೆ ಹಿಂದಕ್ಕೆ ತಿರುಗಿಸಿದರು. ಮೇಲಿನ ತಾರೀಕುಗಳನ್ನು ನೋಡಿದರು. ತಾರೀಕು ಓದುವುದನ್ನು ಕಲಿಸಿದವಳೂ ನಾನೇ.

'ಮೇಡಮ್ಮ, ಹಾಲು ತುಪ್ಪದ ದಿನ ಇವ್ರು ಇಲ್ಲಿಗೆ ಬಂದವ್ರಲ್ಲ?'

ಬೆರಳು ಇನ್ನೊಂದು ತಾರೀಕಿಗೆ ಸರಿಯಿತು.

'ತಿಥಿ ದಿನನೂ ಬಂದವ್ರೆ. ನಾನು ಅಲ್ಲಿ ಎಡೆ ಇಟ್ಟು, ಕಾಗೆ ಮುಟ್ಲಿಲ್ಲ ಅಂತ ಮಧ್ಯಾಹ್ನದ ತಂಕ ಕಾದೆ. ನನ್ನ ಮ್ಯಾಲೆ ಏನು ಸಿಟ್ಟೋ ಅಂತ ಆವತ್ತಿಂದ ಯೋಚ್ನೆ ಮಾಡ್ತಾ ಇದೀನಿ. ಇವ್ರು ನಿಮ್ ಕ್ಲಾಸಲ್ಲಿ ಕೂತಿದ್ರಾ?'

ನನ್ನ ಜೀವನದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದು ಇನ್ನೊಂದಿಲ್ಲ. ಆಗ ಎಲ್ಲರಿಗಿಂತ ಹಿರಿಯಳಾದ ಹಾಲಮ್ಮ ಕೂತಲ್ಲಿಂದಲೇ ಜರುಗಿಕೊಂಡು ಬಂದು ಲಕ್ಕಮ್ಮನ ತೊಡೆಯ ಮೇಲೆ ಕೈ ಇಟ್ಟಳು.

'ಲೇ ಲಕ್ಕಿ, ನನ್ ಗಂಡಂಗೂ ಕಾಗೆ ಮುಟ್ಟಿರ್ಲಿಲ್ಲ ಕಣೇ. ಯಾರಿಗೂ ಹೇಳಿಲ್ಲ ನಾನು. ನನ್ ಸೊಸೇಗೂ ಹೇಳಿಲ್ಲ.'

ಅಲ್ಲಿಂದ ಶುರುವಾಯಿತು ನೋಡಿ. ಪುಟ್ಟಪ್ಪ ತನ್ನ ತಮ್ಮನ ವಿಷಯ ಹೇಳಿದ. ಶಾಂತಮ್ಮ ಮೂರು ತಿಂಗಳ ಕೂಸು ಕಳೆದುಕೊಂಡಿದ್ದಳು. ಹೆಸರಿಟ್ಟಿರಲಿಲ್ಲ, ಹಾಗಾಗಿ ಅಳುವುದಕ್ಕೂ ಯಾರೂ ಬಿಟ್ಟಿರಲಿಲ್ಲ. ಲಕ್ಕಮ್ಮ ರಂಗಪ್ಪನವರ ಕೊನೆಯ ದಿನದ ಒಂದೊಂದು ಗಳಿಗೆಯನ್ನೂ ಹೇಳಿದರು. ಬೆಳಿಗ್ಗೆ ಮುದ್ದೆ ಸರಿಯಾಗಿಲ್ಲ ಎಂದು ಬಯ್ದಿದ್ದರಂತೆ, ಇವರೂ ತಿರುಗಿ ಬಯ್ದಿದ್ದರಂತೆ. 'ಅದೇ ಕೊನೆ ಮಾತಾಗೋಯ್ತು ಕಣ್ರೀ' ಎಂದು ಅತ್ತರು. ಪುಟ್ಟಪ್ಪ, ರಂಗಪ್ಪ ಬಳಪಕ್ಕೆ ಬಯ್ಯುತ್ತಿದ್ದದ್ದನ್ನು ಅವರದೇ ದನಿಯಲ್ಲಿ ಮಾಡಿ ತೋರಿಸಿದಾಗ ಅಳುತ್ತಲೇ ನಕ್ಕರು. ನಾನು ಒಂದೇ ಒಂದು ಒಳ್ಳೆಯ ಕೆಲಸ ಮಾಡಿದೆ: ಬಾಯಿ ಮುಚ್ಚಿಕೊಂಡು ಕೂತೆ. ಮೂರೂವರೆ ತಿಂಗಳಲ್ಲಿ ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಎದ್ದು ಹೋಗುವ ಮುಂಚೆ ಲಕ್ಕಮ್ಮ ಪುಸ್ತಕ ನನ್ನ ಮುಂದೆ ಇಟ್ಟರು. 'ಇವ್ರು ತೀರ್ಕೊಂಡ್ರು ಅಂತ ಇದ್ರಲ್ಲಿ ಬರೀರಿ ಮೇಡಮ್ಮ. ಸುಳ್ ಸುಳ್ಳೇ ಇಲ್ಲಿ ಕೂರುಸ್ಬ್ಯಾಡ್ರಿ.'

'ಆಫೀಸಲ್ಲಿ ಒಂದ್ಮಾತು ಕೇಳ್ತೀನಿ' ಎಂದೆ.

'ಸತ್ತವ್ರೋ ಇಲ್ವೋ ಅಂತ ಆಫೀಸಲ್ಲಿ ಕೇಳ್ಬೇಕಾ?'

ಕೇಳಿದೆ, ಹೇಡಿ ನಾನು. ರುದ್ರೇಶಪ್ಪ ಮುಂದಿನ ವಾರವೇ ಮೋಟಾರ್ ಸೈಕಲ್ ಏರಿ ಬಂದರು. ಕ್ಲಾಸಿನ ಮಧ್ಯೆ ನಿಂತು ಭಾಷಣ ಬಿಗಿದರು. 'ಇಲ್ಲಿಗೆ ಕಲಿಯಕ್ಕೆ ಬರೋದು, ಅಳಕ್ಕಲ್ಲ. ಒಳ್ಳೇ ಮಾತಾಡ್ಬೇಕು. ಸಾವು ಗೀವು ಅಂತ ಈ ಜಗುಲಿ ಮೇಲೆ ಇನ್ನೊಂದ್ ಮಾತು ಬರ್ಬಾರ್ದು. ಲಕ್ಕಮ್ಮ, ಮರೆತ್ಬಿಡು ತಾಯಿ. ಹೆಸರು ತೆಗೆದ್ರೆ ಒಂಬತ್ತಾಗುತ್ತೆ, ಕೇಂದ್ರ ಮುಚ್ಚುತ್ತೆ. ಇಷ್ಟು ಜನದ ಓದು ನಿನ್ನಿಂದ ಹಾಳಾಗ್ಬೇಕಾ?' ನನ್ನ ಕಡೆ ತಿರುಗಿ, ಯಾರಾದರೂ ತಪಾಸಣೆಗೆ ಬರಬಹುದು, ಇನ್ನು ಮೇಲೆ ರಂಗಪ್ಪನ ಹೆಸರು ಹಾರಿಸದೆ ಕೂಗಬೇಕು, ಯಾರಾದರೂ ಒಬ್ಬರು ಓಗೊಡಬೇಕು ಎಂದು ಅಪ್ಪಣೆ ಮಾಡಿ ಹೋದರು. ಅವರ ತಲೆಯ ಮೇಲೂ ಒಬ್ಬರು ಕೂತಿದ್ದರು, ಅದು ನನಗೆ ಗೊತ್ತು. ಅದರಿಂದ ನನ್ನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ.

ಆಗ ನಾನು ಮಾಡಬೇಕಾಗಿದ್ದದ್ದು ಒಂದೇ. ಪೆನ್ನು ತೆಗೆದು ಹೆಸರು ಹೊಡೆದುಹಾಕುವುದು, ಮುಚ್ಚಿದರೆ ಮುಚ್ಚಲಿ ಎನ್ನುವುದು. ನಾನು ಏನು ಮಾಡಿದೆ ಗೊತ್ತೆ? 'ನೀವೇ ಹೇಳಿ ಲಕ್ಕಮ್ಮ, ಏನು ಮಾಡೋಣ?' ಎಂದೆ. ಆ ಹೊರೆಯನ್ನೂ ಆ ಹೆಂಗಸಿನ ತಲೆಗೇ ಹೊರಿಸಿದೆ. ಅವರು ಒಂದು ಸುತ್ತು ಎಲ್ಲರ ಮುಖ ನೋಡಿದರು. ಹಾಲಮ್ಮ ಆಗತಾನೆ ಬಸ್ಸಿನ ಬೋರ್ಡು ಓದಲು ಕಲಿತಿದ್ದಳು.

'ಇರ್ಲಿ ಬಿಡಿ' ಎಂದರು.

ಮಾರನೇ ದಿನ ನಾನು ಕೂಗಿದೆ. 'ರಂಗಪ್ಪ.' ಯಾರೂ ಓಗೊಡಲಿಲ್ಲ. ಆಗ ಲಕ್ಕಮ್ಮ ನೆಲ ನೋಡುತ್ತಾ 'ಬಂದವ್ರೆ' ಎಂದರು. ಹಾಜರಿಯಲ್ಲಿ ಬಿಟ್ಟರೆ ಜಗುಲಿಯ ಮೇಲೆ ರಂಗಪ್ಪನವರ ಮಾತು ಮತ್ತೆ ನಿಂತುಹೋಯಿತು. ಪರೀಕ್ಷೆಯವರೆಗೆ ದಿನಾ ಅದೇ ನಡೆಯಿತು. ನಾನು ಕೂಗುವುದು, ಅವರು 'ಬಂದವ್ರೆ' ಎನ್ನುವುದು, ನಾನು ಬರೆಯುವುದು. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತಿದೆ. ಆ ಯೋಜನೆಯ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಪರೀಕ್ಷೆಯ ದಿನ ರುದ್ರೇಶಪ್ಪ ಹತ್ತು ಪ್ರಶ್ನೆಪತ್ರಿಕೆ ಕೊಟ್ಟು, 'ಹತ್ತೂ ತುಂಬಿ ಬರ್ಬೇಕು, ಅವನದ್ದು ನೀವೇ ಬರೆದ್ಬಿಡಿ' ಎಂದು ಹೇಳಿ ಬೇರೆ ಊರಿಗೆ ಹೊರಟರು. ಒಂಬತ್ತು ಜನ ಬರೆದು ಕೊಟ್ಟರು. ನಾನು ಹತ್ತನೆಯದನ್ನು ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದೆ. ಲಕ್ಕಮ್ಮ ನಿಂತೇ ಇದ್ದರು.

'ಇವ್ರದಾ ಅದು? ಕೊಡಿ ಇಲ್ಲಿ' ಎಂದು ಕಿತ್ತುಕೊಂಡು ಕಂಬದ ಪಕ್ಕ, ರಂಗಪ್ಪ ಕೂರುತ್ತಿದ್ದ ಜಾಗದಲ್ಲಿ ಹೋಗಿ ಕೂತರು. ಮುಕ್ಕಾಲು ಗಂಟೆ ಬರೆದರು. ಮಡಚಿ, ಕಟ್ಟಿನ ಮಧ್ಯೆ ತಾವೇ ತುರುಕಿದರು. ಏನು ಬರೆದಿರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಎರಡು ತಿಂಗಳ ಮೇಲೆ ಫಲಿತಾಂಶ ಬಂತು. ಹತ್ತಕ್ಕೆ ಹತ್ತೂ ಪಾಸು. ರುದ್ರೇಶಪ್ಪನವರಿಗೆ ಶಾಲು ಸಿಕ್ಕಿತು. ತಿದ್ದಿದ ಪತ್ರಿಕೆಗಳ ಕಟ್ಟು ಆಫೀಸಿನ ಬೀರುವಿನ ಮೇಲೆ ಬಿದ್ದಿತ್ತು. ನಾನು ಬಿಚ್ಚಿ ರಂಗಪ್ಪನವರದ್ದನ್ನು ಹುಡುಕಿದೆ. ಕೊನೆಯ ಪ್ರಶ್ನೆ, ನಿಮ್ಮ ಬಗ್ಗೆ ಐದು ವಾಕ್ಯ ಬರೆಯಿರಿ. ದಪ್ಪ ದಪ್ಪ ಅಕ್ಷರದಲ್ಲಿ ಐದು ವಾಕ್ಯ ಇದ್ದವು. ಪ್ರತಿಯೊಂದರ ಮುಂದೆಯೂ ಕೆಂಪು ಪೆನ್ನಿನಲ್ಲಿ ಸರಿ ಎಂಬ ಗುರುತು. ಪಕ್ಕದಲ್ಲಿ, ಐದಕ್ಕೆ ಐದು. ತಿದ್ದಿದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದ್ದರೆ ಆವತ್ತು ನಾನು ಏನು ಮಾಡುತ್ತಿದ್ದೆನೋ.

ಆ ಪತ್ರಿಕೆಯನ್ನು ಯಾರನ್ನೂ ಕೇಳದೆ ಬ್ಯಾಗಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಹಳ್ಳಿಗೆ ಹೋದೆ. ಒಂಬತ್ತು ಜನರೂ ಬಂದು ಕೂತರು.

'ತಿದ್ದಿದವ್ರು ಓದಿದ್ರಂತಾ ಮೇಡಮ್ಮ?' ಎಂದು ಲಕ್ಕಮ್ಮ ಕೇಳಿದರು.

ಹೂಂ ಎನ್ನಬಹುದಿತ್ತು. ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. 'ಇಲ್ಲ ಲಕ್ಕಮ್ಮ. ಗುರುತು ಹಾಕಿದಾರೆ. ಯಾರೂ ಓದಿಲ್ಲ.'

'ಹಂಗಾದ್ರೆ ನೀವು ಓದಿ. ಜೋರಾಗಿ ಓದಿ, ಎಲ್ರಿಗೂ ಕೇಳ್ಲಿ.'

ನಾನು ಎದ್ದು ನಿಂತು ಓದಿದೆ. ಮೂರು ವಾಕ್ಯ ಆದ ಮೇಲೆ ಮುಂದಕ್ಕೆ ಓದಲಾಗಲಿಲ್ಲ. ಲಕ್ಕಮ್ಮ ಎದ್ದು ಬಂದು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡರು. ಅರ್ಧದಿಂದ ಅಲ್ಲ, ಮೊದಲಿಂದ ಓದಿದರು. ಬೆರಳಿಟ್ಟು, ಒಂದೊಂದೇ ಮಾತು, ಜಗುಲಿಗೆಲ್ಲ ಕೇಳುವ ಹಾಗೆ.

'ನನ್ನ ಹೆಸರು ರಂಗಪ್ಪ. ನನ್ನ ಹೆಂಡ್ತಿ ಲಕ್ಕಮ್ಮ. ನಾನು ಕಾರ್ತೀಕದ ಸೋಮವಾರ ಸತ್ತೋದೆ. ನನ್ನ ಹೆಂಡ್ತಿ ಮೇಲೆ ನಂಗೆ ಸಿಟ್ಟಿಲ್ಲ. ನಾನು ಸತ್ತ ಮೇಲೆ ಯಾರೂ ನನ್ನ ಮಾತು ಆಡ್ತಿಲ್ಲ.'

ಕಾಗದವನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು ಕೂತರು. ಎಲ್ಲರ ಮುಖವನ್ನೂ ನೋಡಿ, 'ಈಗ ಆಡ್ರಿ' ಎಂದರು.